ಟಸ್ಕನಿಯ ಹಳ್ಳಿಯಲ್ಲಿ ಮದುವೆ: ಅತಿಥಿಯಾಗಿ ಹೊರಡುವವರಿಗೆ

ಲಗ್ನಪತ್ರಿಕೆಯಲ್ಲಿ ‘ಸಿಯೆನಾ ಹತ್ತಿರ’ ಎಂದು ಇರುತ್ತದೆ. ಆ ‘ಹತ್ತಿರ’ವನ್ನು ನಂಬಿಕೊಂಡು ಟಿಕೆಟ್ ಮಾಡಿಸಬೇಡಿ. ಇಟಲಿಯ ಟಸ್ಕನಿಯಲ್ಲಿ ಹೊರಗಿನವರ ಮದುವೆಗಳು ಹೆಚ್ಚಾಗಿ ಊರೊಳಗೆ ನಡೆಯುವುದಿಲ್ಲ. ದ್ರಾಕ್ಷಿ ತೋಟದ ನಡುವಿನ ಹಳೆಯ ಬಂಗಲೆಯಲ್ಲೋ, ಗುಡ್ಡದ ನೆತ್ತಿಯ ಕಲ್ಲುಮನೆಯಲ್ಲೋ ನಡೆಯುತ್ತವೆ. ರೈಲು ನಿಲ್ದಾಣ ಇಪ್ಪತ್ತು ಮೂವತ್ತು ಕಿಲೋಮೀಟರ್ ಆಚೆ, ಕೊನೆಯ ಎರಡು ಕಿಲೋಮೀಟರ್ ಜಲ್ಲಿ ರಸ್ತೆ. ರಾತ್ರಿ ಹತ್ತರ ನಂತರ ಬಸ್ಸಿಲ್ಲ, ಆ್ಯಪ್‌ನಲ್ಲಿ ಕರೆಯುವ ಕ್ಯಾಬ್ ಇಲ್ಲ, ರಸ್ತೆಯಲ್ಲಿ ಕೈ ತೋರಿಸಿ ನಿಲ್ಲಿಸುವ ಟ್ಯಾಕ್ಸಿಯೂ ಇಲ್ಲ.

ಹಾಗಾಗಿ ಮೊದಲು ಕೇಳಬೇಕಾದ ಪ್ರಶ್ನೆ ವೀಸಾದ್ದೂ ಅಲ್ಲ, ವಿಮಾನದ್ದೂ ಅಲ್ಲ: ಮದುವೆ ಊಟ ಮುಗಿದು ಮಧ್ಯರಾತ್ರಿ ಒಂದು ಗಂಟೆಗೆ ನಾನು ಮಲಗುವ ಜಾಗಕ್ಕೆ ಹೇಗೆ ಹೋಗುತ್ತೇನೆ? ಇದಕ್ಕೆ ಉತ್ತರ ಸಿಕ್ಕರೆ ಕೋಣೆ ಎಲ್ಲಿ ಹಿಡಿಯಬೇಕು ಎಂದು ಗೊತ್ತಾಗುತ್ತದೆ. ಕೋಣೆ ಗೊತ್ತಾದರೆ ಯಾವ ವಿಮಾನ ನಿಲ್ದಾಣ ಎಂದು ಗೊತ್ತಾಗುತ್ತದೆ. ವೀಸಾಗೆ ಬೇಕಾದ ಕಾಗದಗಳೂ ಅದೇ ಕ್ರಮದಲ್ಲಿ ಜಮೆಯಾಗುತ್ತವೆ.

ಮೊದಲು ನಕ್ಷೆ

ಮದುವೆ ಮನೆಯವರಿಂದ ವಿಳಾಸವನ್ನಲ್ಲ, ನಕ್ಷೆಯ ಪಿನ್ ತರಿಸಿಕೊಳ್ಳಿ. ಹಳ್ಳಿ ಕಡೆಯ ವಿಳಾಸದಲ್ಲಿ ಬೀದಿಯ ಹೆಸರಿರುವುದಿಲ್ಲ. ‘ಲೊಕಾಲಿತಾ’, ‘ಪೊದೆರೆ’ ಎಂದು ಜಾಗದ, ತೋಟದಮನೆಯ ಹೆಸರು ಮಾತ್ರ ಇರುತ್ತದೆ. ಮನೆ ಸಂಖ್ಯೆಯ ಜಾಗದಲ್ಲಿ ‘ಸಂಖ್ಯೆ ಇಲ್ಲ’ ಎಂದು ಇರುವುದೂ ಉಂಟು. ಒಂದೇ ಹೆಸರಿನ ತೋಟದಮನೆ ಪಕ್ಕದ ಪುರಸಭೆಯಲ್ಲೂ ಇರಬಹುದು. ಗೇಟಿನದ್ದೊಂದು, ವಾಹನ ನಿಲ್ಲಿಸುವ ಜಾಗದ್ದೊಂದು, ಎರಡು ಪಿನ್ ಕೇಳಿ. ಕಣಿವೆಗಳಲ್ಲಿ ಮೊಬೈಲ್ ಸಿಗ್ನಲ್ ಬಿಟ್ಟುಹೋಗುತ್ತದೆ, ಆ ಪ್ರದೇಶದ ನಕ್ಷೆಯನ್ನು ಫೋನಿಗೆ ಮೊದಲೇ ಇಳಿಸಿಕೊಂಡಿರಿ.

ಎರಡು ಪ್ರದೇಶಗಳ ಹೆಸರು ಪದೇಪದೇ ಬರುತ್ತವೆ. ಫ್ಲಾರೆನ್ಸ್ ಮತ್ತು ಸಿಯೆನಾ ನಡುವಿನ ಗುಡ್ಡಗಾಡು ಕಿಯಾಂತಿ. ಸಿಯೆನಾದ ದಕ್ಷಿಣಕ್ಕೆ ಪಿಯೆಂಜಾ, ಮೊಂತಾಲ್ಚಿನೊ, ಸಾನ್ ಕ್ವಿರಿಕೊ ಇರುವುದು ವಾಲ್ ದೋರ್ಚಾ. ಇದು 2004ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ, ಕ್ಯಾಲೆಂಡರ್ ಚಿತ್ರಗಳಲ್ಲಿ ಕಾಣುವ ಸೈಪ್ರೆಸ್ ಮರಗಳ ಸಾಲು ಇಲ್ಲಿಯದೇ. ಮದುವೆ ಕಿಯಾಂತಿಯಲ್ಲಿದ್ದರೆ ಫ್ಲಾರೆನ್ಸ್ ವಿಮಾನ ನಿಲ್ದಾಣ ಸಮೀಪ. ವಾಲ್ ದೋರ್ಚಾ ಆದರೆ ಫ್ಲಾರೆನ್ಸ್‌ನಿಂದ ಸುಮಾರು 120 ಕಿಲೋಮೀಟರ್, ರೋಮ್‌ನ ಫಿಯುಮಿಚಿನೊ ವಿಮಾನ ನಿಲ್ದಾಣದಿಂದ ಸುಮಾರು 200.

ದೂರ ನೋಡಿದರೆ ಫ್ಲಾರೆನ್ಸ್ ಎನಿಸುತ್ತದೆ. ಆದರೆ ಫ್ಲಾರೆನ್ಸ್‌ನ ರನ್‌ವೇ ಚಿಕ್ಕದು, ಪಕ್ಕದಲ್ಲೇ ಬೆಟ್ಟ. ಗಾಳಿ ತಿರುಗಿದರೆ ವಿಮಾನ ಪೀಸಾಕ್ಕೋ ಬೊಲೋನ್ಯಾಕ್ಕೋ ಹೋಗಿ ಇಳಿಯುತ್ತದೆ. ಅಲ್ಲಿಂದ ಬಸ್ಸು ಹತ್ತಿಸುತ್ತಾರೆ, ನೀವು ಗೊತ್ತುಮಾಡಿದ ವ್ಯಾನ್ ಫ್ಲಾರೆನ್ಸ್‌ನಲ್ಲಿ ಕಾಯುತ್ತಿರುತ್ತದೆ. ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ ದುಬೈ ಅಥವಾ ದೋಹಾ ಮೂಲಕ ರೋಮ್‌ಗೆ ಒಂದೇ ಬದಲಾವಣೆಯಲ್ಲಿ ಬಂದು, ರಸ್ತೆಯಲ್ಲಿ ಎರಡೂವರೆ ಗಂಟೆ ಕೂರುವುದು ಮೇಲು. ಯಾವ ದಾರಿಯಾದರೂ ಸರಿ, ಮದುವೆಗೆ ಎರಡು ರಾತ್ರಿ ಮುಂಚೆ ತಲುಪಿ. ಬೇಸಿಗೆಯಲ್ಲಿ ಭಾರತಕ್ಕೂ ಇಟಲಿಗೂ ಮೂರೂವರೆ ಗಂಟೆ ವ್ಯತ್ಯಾಸ. ಅಲ್ಲಿ ರಾತ್ರಿ ಊಟಕ್ಕೆ ಕೂರುವ ಹೊತ್ತಿಗೆ ನಿಮ್ಮ ದೇಹಕ್ಕೆ ನಡುರಾತ್ರಿ ಆಗಿರುತ್ತದೆ. ತಡವಾದ ಪೆಟ್ಟಿಗೆ ಬಂದು ಸೇರಲೂ ಆ ಎರಡು ದಿನ ಬೇಕು.

ತಾರೀಖನ್ನೂ ಒಮ್ಮೆ ಪರೀಕ್ಷಿಸಿ. ಜುಲೈ 2 ಮತ್ತು ಆಗಸ್ಟ್ 16ರಂದು ಸಿಯೆನಾದಲ್ಲಿ ಪಾಲಿಯೊ ಕುದುರೆ ಓಟ. ಆ ದಿನಗಳ ಆಸುಪಾಸಿನಲ್ಲಿ ಊರಲ್ಲಿ ಕೋಣೆ ಸಿಗುವುದು ಕಷ್ಟ. ಆಗಸ್ಟ್ 15 ಇಡೀ ಇಟಲಿಗೆ ರಜೆ, ಅಂಗಡಿಗಳ ಬಾಗಿಲು ಮುಚ್ಚಿರುತ್ತವೆ, ಹೆದ್ದಾರಿಗಳಲ್ಲಿ ಕಾರುಗಳ ಸಾಲು.

ವೀಸಾ ಕಡತ

ಬೇಕಾದದ್ದು ಅಲ್ಪಾವಧಿಯ ಷೆಂಗೆನ್ ವೀಸಾ, ಅಂದರೆ ಇಟಲಿ, ಫ್ರಾನ್ಸ್ ಸೇರಿ ಹಲವು ಐರೋಪ್ಯ ದೇಶಗಳಿಗೆ ನಡೆಯುವ ಒಂದೇ ವೀಸಾ. ಹೆಚ್ಚು ದಿನ ಇಟಲಿಯಲ್ಲೇ ಇರುವುದಾದರೆ ಅರ್ಜಿ ಇಟಲಿಗೇ ಹಾಕಬೇಕು. ಪ್ಯಾರಿಸ್‌ನಲ್ಲಿ ಐದು ದಿನ, ಮದುವೆಗೆ ಮೂರು ದಿನ ಎಂದಾದರೆ ಅರ್ಜಿ ಫ್ರಾನ್ಸ್‌ಗೆ. ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ತೆಗೆದುಕೊಳ್ಳುತ್ತಾರೆ, ಕೊನೆಯ ಗಡುವು 15 ದಿನ. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45. ನಿಜವಾದ ತೊಡಕು ಅರ್ಜಿ ಕೇಂದ್ರದಲ್ಲಿ ಸಮಯ ಸಿಗುವುದು. ಮೇ-ಜೂನ್ ಮದುವೆಗೆ ಜನವರಿ-ಫೆಬ್ರವರಿಯಲ್ಲೇ ಶುರು ಮಾಡಿ. ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನವರಿಗೆ 45, ಅದಕ್ಕೂ ಚಿಕ್ಕವರಿಗೆ ಇಲ್ಲ. ಕೇಂದ್ರದ ಸೇವಾ ಶುಲ್ಕ ಬೇರೆ.

ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಷೆಂಗೆನ್ ಬಿಟ್ಟು ಹೊರಡುವ ದಿನದ ಮೇಲೆ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿ ಇರಬೇಕು. ಪ್ರಯಾಣ ವಿಮೆ ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚಕ್ಕೆ, ಎಲ್ಲ ಷೆಂಗೆನ್ ದೇಶಗಳಿಗೂ ಅನ್ವಯಿಸುವಂತೆ. ಮದುವೆ ಅತಿಥಿಗಳ ಕಡತ ಎಡವುವುದು ಸಾಮಾನ್ಯವಾಗಿ ವಾಸ್ತವ್ಯದ ಕಾಗದದಲ್ಲಿ. ‘ಕೋಣೆ ಮದುವೆ ಮನೆಯವರದ್ದೇ’ ಎಂದು ಬಾಯಲ್ಲಿ ಹೇಳಿದರೆ ನಡೆಯುವುದಿಲ್ಲ. ಇಡೀ ಬಂಗಲೆಯ ಬುಕಿಂಗ್ ವಧೂವರರ ಹೆಸರಲ್ಲಿದ್ದರೆ, ಆ ಬಂಗಲೆಯವರ ಲೆಟರ್‌ಹೆಡ್‌ನಲ್ಲಿ ನಿಮ್ಮ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ತಂಗುವ ತಾರೀಖು ಬರೆದ ಪತ್ರ ಬೇಕು. ಮದುವೆಗೆ ಮುಂಚೆ, ನಂತರ ಬೇರೆ ಊರಲ್ಲಿ ತಂಗುವುದಾದರೆ ಅದರ ಬುಕಿಂಗೂ ಬೇಕು. ವಿಮಾನ ಇಳಿಯುವ ದಿನದಿಂದ ಹತ್ತುವ ದಿನದವರೆಗೆ ಒಂದು ರಾತ್ರಿಯೂ ಲೆಕ್ಕ ತಪ್ಪಬಾರದು.

ಗಡಿಯಲ್ಲಿ ಈಗ ಮುದ್ರೆಯ ಬದಲು ಇಇಎಸ್ ಎಂಬ ವ್ಯವಸ್ಥೆ ಬಂದಿದೆ. 2025ರ ಅಕ್ಟೋಬರ್‌ನಲ್ಲಿ ಶುರುವಾದ ಇದರಲ್ಲಿ ಮುಖದ ಚಿತ್ರ, ಬೆರಳಚ್ಚು ದಾಖಲಾಗುತ್ತದೆ. ಫ್ರಾಂಕ್‌ಫರ್ಟ್, ಪ್ಯಾರಿಸ್ ಮೂಲಕ ಬರುವವರಿಗೆ ಈ ಸಾಲು ಅಲ್ಲೇ ಎದುರಾಗುತ್ತದೆ, ಇಟಲಿಯಲ್ಲಲ್ಲ. ಅಲ್ಲಿ ವಿಮಾನ ಬದಲಿಸಲು ಒಂದೂವರೆ ಗಂಟೆ ಸಾಲದು, ಮೂರು ಗಂಟೆಯ ಅಂತರ ಇಟ್ಟುಕೊಳ್ಳಿ.

ಪೆಟ್ಟಿಗೆಯಲ್ಲಿ ಏನಿರಬಾರದು

ಮದುವೆ ಎಂದ ಮೇಲೆ ತಾಂಬೂಲ, ಹೂವು, ತುಪ್ಪದ ತಿಂಡಿ ಹೊತ್ತುಕೊಂಡು ಹೋಗುವ ಆಸೆ ಸಹಜ. ಐರೋಪ್ಯ ಒಕ್ಕೂಟಕ್ಕೆ ಹೊರಗಿನಿಂದ ಹೋಗುವ ಪ್ರಯಾಣಿಕರು ಹಾಲಿನ ಪದಾರ್ಥ, ಮಾಂಸ ಒಯ್ಯುವಂತಿಲ್ಲ. ತುಪ್ಪ, ಖೋವಾ, ಪನೀರ್ ಮನೆಯಲ್ಲೇ ಬಿಡಿ, ಪೇಡವನ್ನೂ ಬಿಡುವುದು ಕ್ಷೇಮ. ತಾಜಾ ಎಲೆ, ಹೂವು, ಹಣ್ಣುಗಳಿಗೆ 2019ರ ಡಿಸೆಂಬರ್‌ನಿಂದ ಸಸ್ಯ ಆರೋಗ್ಯ ಪ್ರಮಾಣಪತ್ರ ಕಡ್ಡಾಯ. ಅಂದರೆ ಮಲ್ಲಿಗೆ ದಂಡೆ, ವೀಳ್ಯದೆಲೆ, ಮಾವಿನ ಎಲೆ, ಕರಿಬೇವು, ಮಾವಿನ ಹಣ್ಣು ಯಾವುದೂ ಚೀಲದಲ್ಲಿ ಇರಬಾರದು. ಈ ನಿಯಮದಿಂದ ಹೊರಗಿರುವ ಹಣ್ಣುಗಳು ಐದೇ: ತೆಂಗಿನಕಾಯಿ, ಬಾಳೆ, ಅನಾನಸ್, ಖರ್ಜೂರ, ಡ್ಯೂರಿಯನ್. ಹೀಗಾಗಿ ಕಾಯಿ, ಬಾಳೆಹಣ್ಣಿಗೆ ಅಡ್ಡಿಯಿಲ್ಲ! ಒಣಕೊಬ್ಬರಿಯದ್ದು ಬೇರೆ ಕಥೆ. ಎಣ್ಣೆಯಂಶದಿಂದ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು ಎಂದು ಅದನ್ನು ವಿಮಾನದವರೇ ತಡೆಯುತ್ತಾರೆ. ಚಟ್ನಿಪುಡಿ, ಸಾರಿನ ಪುಡಿ, ಅವಲಕ್ಕಿ ತೊಂದರೆಯಿಲ್ಲ. ಉಪ್ಪಿನಕಾಯಿ ಎರಡು ಪ್ಲಾಸ್ಟಿಕ್ ಚೀಲ ಸುತ್ತಿ ದೊಡ್ಡ ಪೆಟ್ಟಿಗೆಯಲ್ಲೇ ಇರಲಿ.

ಒಡವೆ ಹೆಚ್ಚು ಒಯ್ಯುವವರು ಹೊರಡುವ ಮುನ್ನ ಬೆಂಗಳೂರು ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ರಫ್ತು ಪ್ರಮಾಣಪತ್ರ ಮಾಡಿಸಿಕೊಳ್ಳಿ. ವಾಪಸು ಬರುವಾಗ ‘ಇದು ನಮ್ಮದೇ’ ಎಂದು ತೋರಿಸಲು ಅದೇ ಆಧಾರ. ಬಿಲ್ಲು, ಫೋಟೊ ಜೊತೆಗಿರಲಿ, ಇದಕ್ಕಾಗಿ ನಿಲ್ದಾಣಕ್ಕೆ ಒಂದು ಗಂಟೆ ಮುಂಚೆ ಹೋಗಿ. ವಧುವಿಗೆ ಕೊಡಲು ಒಯ್ಯುವ ಉಡುಗೊರೆಗೆ ಲೆಕ್ಕವೇ ಬೇರೆ: ವಿಮಾನದಲ್ಲಿ ಬರುವ ವಯಸ್ಕರಿಗೆ 430 ಯೂರೋ ಬೆಲೆಯವರೆಗೆ ಸುಂಕವಿಲ್ಲ, ಅದಕ್ಕಿಂತ ಮೇಲಿದ್ದರೆ ಇಟಲಿಯಲ್ಲಿ ಘೋಷಿಸಬೇಕು. ಚಿನ್ನದ ಉಡುಗೊರೆಯನ್ನು ಊರಿನ ಆರತಕ್ಷತೆಯಲ್ಲಿ ಕೊಟ್ಟರೆ ಇಬ್ಬರಿಗೂ ನೆಮ್ಮದಿ.

ವಿಮಾನದಿಂದ ಹಳ್ಳಿಗೆ

ಆರೆಂಟು ಮಂದಿ ಒಟ್ಟಿಗಿದ್ದರೆ ಚಾಲಕನಿರುವ ವ್ಯಾನ್ ಗೊತ್ತುಮಾಡುವುದೇ ಸರಿ. ಇಟಲಿಯಲ್ಲಿ ಇದಕ್ಕೆ ‘ಎನ್‌ಸಿಸಿ’ ಎನ್ನುತ್ತಾರೆ. ಪರವಾನಗಿ ಪಡೆದ ಖಾಸಗಿ ವಾಹನ, ಮುಂಗಡ ಗೊತ್ತುಮಾಡಿದರೆ ಮಾತ್ರ ಬರುತ್ತದೆ. ಎಂಟು ಆಸನದ ವ್ಯಾನಿಗೆ ಎಂಟು ದೊಡ್ಡ ಪೆಟ್ಟಿಗೆ ಹಿಡಿಸುವುದಿಲ್ಲ, ಪೆಟ್ಟಿಗೆಯ ಸಂಖ್ಯೆಯನ್ನೂ ಬರೆದು ತಿಳಿಸಿ.

ರೈಲಿನಲ್ಲಿ ಹೋಗುವವರಿಗೆ ದಾರಿ ಹೀಗೆ. ಫಿಯುಮಿಚಿನೊದಿಂದ ಲಿಯೊನಾರ್ಡೊ ಎಕ್ಸ್‌ಪ್ರೆಸ್ 32 ನಿಮಿಷದಲ್ಲಿ ರೋಮ್‌ನ ಮುಖ್ಯ ರೈಲು ನಿಲ್ದಾಣ ರೋಮಾ ತೆರ್ಮಿನಿಗೆ ಬಿಡುತ್ತದೆ, 14 ಯೂರೋ. ಅಲ್ಲಿಂದ ವಾಲ್ ದೋರ್ಚಾಗೆ ಹೋಗುವವರು ಕಿಯುಸಿ-ಕಿಯಾಂಚಾನೊ ತೆರ್ಮೆಯಲ್ಲಿ ಇಳಿಯಬೇಕು. ಹೆಚ್ಚಿನ ಅತಿವೇಗದ ರೈಲುಗಳು ಅಲ್ಲಿ ನಿಲ್ಲದೆ ನೇರ ಫ್ಲಾರೆನ್ಸ್‌ಗೆ ಹೋಗುತ್ತವೆ; ಇಂಟರ್‌ಸಿಟಿ ಅಥವಾ ಪ್ರಾದೇಶಿಕ ರೈಲೇ ನೋಡಿ. ಇಳಿದ ಮೇಲೆ ಪಿಯೆಂಜಾ ಕಡೆಗೆ ಮುಕ್ಕಾಲು ಗಂಟೆಯ ರಸ್ತೆ, ಅದಕ್ಕೂ ವಾಹನ ಮೊದಲೇ ಗೊತ್ತಾಗಿರಬೇಕು. ಫ್ಲಾರೆನ್ಸ್‌ನಿಂದ ಸಿಯೆನಾಕ್ಕೆ ರೈಲು ಒಂದೂವರೆ ಗಂಟೆ ಹಿಡಿಯುತ್ತದೆ, ವೇಗದ ಬಸ್ಸು ಅದಕ್ಕಿಂತ ಸ್ವಲ್ಪ ಬೇಗ. ಸಿಯೆನಾ ರೈಲು ನಿಲ್ದಾಣ ಗುಡ್ಡದ ಬುಡದಲ್ಲಿದೆ, ಹಳೆ ಊರು ನೆತ್ತಿಯಲ್ಲಿ. ಮೇಲೇರಲು ಎಸ್ಕಲೇಟರ್‌ಗಳ ಸಾಲಿದೆ.

ಪ್ರಾದೇಶಿಕ ರೈಲಿನ ಕಾಗದದ ಟಿಕೆಟ್ ಇದ್ದರೆ ಹತ್ತುವ ಮುನ್ನ ಪ್ಲಾಟ್‌ಫಾರ್ಮ್‌ನ ಯಂತ್ರದಲ್ಲಿ ಮುದ್ರೆ ಹಾಕಿಸಿಕೊಳ್ಳಿ. ಫೋನಿನಲ್ಲಿ ಕೊಂಡದ್ದಾದರೆ ಅದರಲ್ಲೇ ಚೆಕ್-ಇನ್ ಒತ್ತಬೇಕು. ಹಣ ಕೊಟ್ಟ ಟಿಕೆಟ್ ಕೈಯಲ್ಲಿದ್ದೂ ದಂಡ ಕಟ್ಟುವವರು ಹೆಚ್ಚಾಗಿ ಇಲ್ಲಿ ತಪ್ಪಿದವರು. ಇನ್ನೊಂದು, ಮುಷ್ಕರ. ‘ಶೋಪೆರೊ’ ಎಂಬ ಪದ ಕಿವಿಗೆ ಬಿದ್ದರೆ ಆ ದಿನದ ರೈಲು ನೋಡಿಕೊಳ್ಳಿ. ತಾರೀಖು ಮೊದಲೇ ಪ್ರಕಟವಾಗುತ್ತದೆ, ಕೆಲಸದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9ರವರೆಗೆ ಅಗತ್ಯದ ಪ್ರಾದೇಶಿಕ ರೈಲುಗಳು ಓಡುತ್ತವೆ.

ಕಾರು ಬಾಡಿಗೆಗೆ ಪಡೆಯುವುದಾದರೆ

ಮದುವೆಯೊಂದಕ್ಕೇ ಬರುವವರಿಗೆ ಕಾರು ಬೇಡ. ಮದುವೆಯ ಜೊತೆಗೆ ನಾಲ್ಕೈದು ದಿನ ಊರೂರು ನೋಡುವವರಿಗೆ ಬೇಕು. ಭಾರತದ ಲೈಸೆನ್ಸ್ ಜೊತೆ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಇರಲೇಬೇಕು. ಅದರ ಅವಧಿ ಒಂದು ವರ್ಷ. ಠೇವಣಿಗೆ ಚಾಲಕನ ಹೆಸರಿನದೇ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ, ಗಂಡನ ಕಾರ್ಡು ಹೆಂಡತಿಯ ಲೈಸೆನ್ಸು ನಡೆಯುವುದಿಲ್ಲ. ಅಲ್ಲಿ ಗೇರ್ ಕಾರುಗಳೇ ಹೆಚ್ಚು, ಬಲಬದಿಯ ಚಾಲನೆಯಲ್ಲಿ ಗೇರು ಬಲಗೈಗೆ ಬರುತ್ತದೆ. ಆಟೊಮ್ಯಾಟಿಕ್ ಬೇಕಿದ್ದರೆ ಬುಕಿಂಗ್‌ನಲ್ಲೇ ಹೇಳಿ.

ಜೇಬಿಗೆ ಹೆಚ್ಚು ಕತ್ತರಿ ಹಾಕುವುದು ಹಳೆ ಊರುಗಳ ‘ಜೆಡ್‌ಟಿಎಲ್’. ಫ್ಲಾರೆನ್ಸ್, ಸಿಯೆನಾ, ಪೀಸಾ ಸೇರಿ ಹಲವು ಊರುಗಳ ಒಳಭಾಗಕ್ಕೆ ಅನುಮತಿಯಿಲ್ಲದ ವಾಹನ ಹೋಗುವಂತಿಲ್ಲ. ತಡೆಗಂಬ ಇರುವುದಿಲ್ಲ, ಪೊಲೀಸರೂ ನಿಂತಿರುವುದಿಲ್ಲ. ಕೆಂಪು ವೃತ್ತದ ಬಿಳಿ ಫಲಕ, ಮೇಲೊಂದು ಕ್ಯಾಮೆರಾ ಅಷ್ಟೇ. ಒಳಗೆ ಹೋಗಿ ಹೊರಬಂದು ಮತ್ತೆ ಹೋದರೆ ಎರಡು ದಂಡ. ಬಾಡಿಗೆ ಕಂಪನಿ ನಿಮ್ಮ ಮಾಹಿತಿ ಕೊಟ್ಟದ್ದಕ್ಕೆ ಕಾರ್ಡಿನಿಂದ ಶುಲ್ಕ ಕಡಿಯುತ್ತದೆ, ದಂಡದ ಕಾಗದ ತಿಂಗಳುಗಳ ನಂತರ ಮನೆ ಬಾಗಿಲಿಗೆ ಬರುತ್ತದೆ. ಹೋಟೆಲ್ ಜೆಡ್‌ಟಿಎಲ್ ಒಳಗಿದ್ದರೆ ಕಾರಿನ ನಂಬರನ್ನು ಅವರಿಗೆ ಮುಂಚೆಯೇ ಕೊಟ್ಟು ನೋಂದಾಯಿಸಿ. ಇಲ್ಲವಾದರೆ ಗೋಡೆಯ ಹೊರಗೆ ನಿಲ್ಲಿಸಿ ನಡೆಯಿರಿ. ನೀಲಿ ಗೆರೆ ದುಡ್ಡಿನ ಪಾರ್ಕಿಂಗ್, ಬಿಳಿ ಗೆರೆ ಸಾಮಾನ್ಯವಾಗಿ ಉಚಿತ, ಹಳದಿ ಗೆರೆ ಬೇರೆಯವರಿಗೆ ಕಾಯ್ದಿರಿಸಿದ್ದು.

ಹೆದ್ದಾರಿಯಲ್ಲಿ ಮಿತಿ 130, ಮಳೆಯಲ್ಲಿ 110. ಹಳ್ಳಿ ರಸ್ತೆ 90, ಊರೊಳಗೆ 50. ರೋಮ್-ಫ್ಲಾರೆನ್ಸ್ ನಡುವಿನ ಎ1ರಲ್ಲಿ ಹತ್ತುವಾಗ ಚೀಟಿ ತೆಗೆದುಕೊಂಡು ಇಳಿಯುವಾಗ ಟೋಲ್ ಕಟ್ಟಬೇಕು. ಹಳದಿ ಫಲಕದ ಸಾಲು ಟೆಲಿಪಾಸ್ (ನಮ್ಮ ಫಾಸ್ಟ್ಯಾಗ್‌ನಂಥದ್ದು) ಇದ್ದವರಿಗೆ, ನೀಲಿ ಕಾರ್ಡಿಗೆ, ಬಿಳಿ ನಗದಿಗೆ. ತಪ್ಪು ಸಾಲಿಗೆ ಹೋದರೆ ಹಿಂದಕ್ಕೆ ತೆಗೆಯಲೇಬೇಡಿ. ಸಹಾಯದ ಗುಂಡಿ ಒತ್ತಿದರೆ ಬಾಕಿ ಚೀಟಿ ಬರುತ್ತದೆ, ಆಮೇಲೆ ಕಟ್ಟಬಹುದು. ಫ್ಲಾರೆನ್ಸ್-ಸಿಯೆನಾ ವೇಗದ ರಸ್ತೆಗೆ ಟೋಲ್ ಇಲ್ಲ.

ಜಲ್ಲಿ ರಸ್ತೆಯಲ್ಲಿ 20-30ರ ವೇಗ ಸಾಕು. ನಕ್ಷೆ ‘ಹತ್ತು ನಿಮಿಷ ಉಳಿತಾಯ’ ಎಂದು ಇಂಥ ರಸ್ತೆಗೆ ತಿರುಗಿಸುತ್ತದೆ, ಡಾಂಬರು ದಾರಿಯೇ ಹಿಡಿಯಿರಿ. ಜಲ್ಲಿಯಲ್ಲಿ ಒಡೆದ ಟೈರು, ಗಾಜು ವಿಮೆಗೆ ಸೇರುತ್ತದೆಯೇ ಎಂದು ಸಹಿ ಮಾಡುವಾಗಲೇ ಕೇಳಿ. ಕತ್ತಲಾದ ಮೇಲೆ ಕಾಡುಹಂದಿ, ಜಿಂಕೆ ಅಡ್ಡ ಬರುತ್ತವೆ. ಕುಡಿದವರಿಗೆ ಮಿತಿ ಲೀಟರ್ ರಕ್ತಕ್ಕೆ 0.5 ಗ್ರಾಂ, ಲೈಸೆನ್ಸ್ ಸಿಕ್ಕಿ ಮೂರು ವರ್ಷವಾಗದವರಿಗೆ ಸೊನ್ನೆ. ಊಟದ ಪ್ರತಿ ಸುತ್ತಿಗೂ ಒಂದು ವೈನ್ ಬರುವ ಮದುವೆಯಿಂದ ಯಾರೂ ಸ್ವಂತ ಕಾರು ಓಡಿಸಿಕೊಂಡು ಬರಬಾರದು. ಮದುವೆ ಮನೆಯವರು ಬಸ್ಸು ಮಾಡಿದ್ದಾರೆಯೇ, ಅದು ಎಷ್ಟು ಗಂಟೆಗೆ ಎಲ್ಲಿಂದ ಹೊರಡುತ್ತದೆ, ಕೊನೆಯ ಸುತ್ತು ಯಾವುದು, ಈ ಮೂರು ಉತ್ತರ ಬರಹದಲ್ಲಿ ತರಿಸಿಕೊಳ್ಳಿ. ಬಸ್ಸಿನ ದಾರಿಯಲ್ಲಿ ಇಲ್ಲದ ಕೋಣೆ ಎಷ್ಟೇ ಚೆಂದವಿದ್ದರೂ, ಅಗ್ಗವಿದ್ದರೂ ಬೇಡ.

ತೋಟದಮನೆಯ ವಾಸ

‘ಆಗ್ರಿತುರಿಸ್ಮೊ’ ಎಂದರೆ ಕೃಷಿ ಮಾಡುವ ಮನೆಯಲ್ಲಿ ಅತಿಥಿಗಳಿಗೆ ಕೋಣೆ. ನಮ್ಮ ಕೊಡಗಿನ ಹೋಂಸ್ಟೇ ಇದ್ದಂತೆ. ರಾತ್ರಿಯೆಲ್ಲ ತೆರೆದಿರುವ ರಿಸೆಪ್ಷನ್ ಇರುವುದಿಲ್ಲ. ಸಂಜೆ ಏಳರ ನಂತರ ಬರುವುದಾದರೆ ಮೊದಲೇ ತಿಳಿಸಿ, ಕೀಲಿ ಎಲ್ಲಿಡುತ್ತಾರೆಂದು ಕೇಳಿಕೊಳ್ಳಿ. ಬಹುತೇಕ ಊರುಗಳಲ್ಲಿ ತಲೆಗೆ, ರಾತ್ರಿಗೆ ಇಷ್ಟು ಎಂದು ಪ್ರವಾಸಿ ತೆರಿಗೆ ಇದೆ, ಚಿಲ್ಲರೆ ನಗದು ಇಟ್ಟುಕೊಳ್ಳಿ.

ಮದುವೆ ದಿನದ ಬೆಳಿಗ್ಗೆ ಕೈಕೊಡುವುದು ಕರೆಂಟು. ಇಟಲಿಯ ಸಾಮಾನ್ಯ ಮನೆ ಸಂಪರ್ಕ 3 ಕಿಲೋವ್ಯಾಟ್. ಒಂದು ಕೋಣೆಯಲ್ಲಿ 2,000 ವ್ಯಾಟ್‌ನ ಹೇರ್ ಡ್ರೈಯರ್, ಇನ್ನೊಂದರಲ್ಲಿ ಸೀರೆಗೆ ಇಸ್ತ್ರಿ ಒಟ್ಟಿಗೆ ಹಾಕಿದರೆ ಇಡೀ ಮನೆಯ ಕರೆಂಟು ಹೋಗುತ್ತದೆ. ಮೀಟರ್ ಎಷ್ಟೋ ಸಲ ಗೇಟಿನ ಹತ್ತಿರದ ಪೆಟ್ಟಿಗೆಯಲ್ಲಿರುತ್ತದೆ. ಮೊದಲ ದಿನವೇ ಅದನ್ನು ತೋರಿಸಿಕೊಳ್ಳಿ, ಇಸ್ತ್ರಿ ಹಿಂದಿನ ರಾತ್ರಿಯೇ ಮುಗಿಸಿ. ವೋಲ್ಟೇಜ್ ನಮ್ಮದೇ 230. ಎರಡು ತೆಳು ಪಿನ್ನಿನ ಚಾರ್ಜರ್ ಹಿಡಿಸುತ್ತದೆ, ನಮ್ಮ ಮೂರು ಪಿನ್ ಹಿಡಿಸುವುದಿಲ್ಲ; ಅಲ್ಲಿಯ ಮೂರು ರಂಧ್ರಗಳು ಒಂದೇ ಸಾಲಿನಲ್ಲಿರುತ್ತವೆ. ಒಂದು ಅಡಾಪ್ಟರ್, ಅದಕ್ಕೊಂದು ಊರಿನ ಎಕ್ಸ್‌ಟೆನ್ಷನ್ ಬೋರ್ಡು ಇದ್ದರೆ ಎಲ್ಲರ ಫೋನು ಚಾರ್ಜ್ ಆಗುತ್ತದೆ. ಕಿಟಕಿಗೆ ಸೊಳ್ಳೆ ಪರದೆ ಇಲ್ಲದ ಮನೆಗಳು ಬಹಳ, ಸೊಳ್ಳೆ ಮುಲಾಮು ಇರಲಿ.

ಸಸ್ಯಾಹಾರಿಗಳಿಗೆ

ಮದುವೆ ಊಟದ ಬಗ್ಗೆ ಒಂದು ತಿಂಗಳು ಮುಂಚೆಯೇ ತಿಳಿಸಿ, ‘ವೆಜ್’ ಎಂಬ ಒಂದೇ ಪದದಲ್ಲಲ್ಲ. ಮೊಟ್ಟೆ, ಮೀನು, ಮಾಂಸದ ಸಾರು, ಈರುಳ್ಳಿ-ಬೆಳ್ಳುಳ್ಳಿ, ಮದ್ಯ, ಯಾವುದು ಬೇಡವೋ ಒಂದೊಂದಾಗಿ ಬರೆಯಿರಿ. ಕಾರಣವಿದೆ. ತಾಲ್ಯಾತೆಲ್ಲೆ, ಪಾಪ್ಪಾರ್ದೆಲ್ಲೆ, ರವಿಯೊಲಿಯಂಥ ತಾಜಾ ಪಾಸ್ತಾಗೆ ಮೊಟ್ಟೆ ಹಾಕಿಯೇ ಕಲಸುತ್ತಾರೆ; ಅಂಗಡಿಯ ಒಣ ಪಾಸ್ತಾದಲ್ಲಿ ಸಾಮಾನ್ಯವಾಗಿ ಗೋಧಿ ರವೆ, ನೀರು ಮಾತ್ರ. ತರಕಾರಿ ಸೂಪಿಗೆ ಮಾಂಸದ ಸಾರು ಬಿದ್ದಿರಬಹುದು. ಕೆಲವು ಚಪ್ಪಟೆ ರೊಟ್ಟಿಗಳಿಗೆ ಹಂದಿಯ ಕೊಬ್ಬು ಹಾಕುತ್ತಾರೆ. ಸಿಹಿತಿನಿಸುಗಳಲ್ಲಿ, ಪನ್ನಾ ಕೊತ್ತಾಗೆ ಪ್ರಾಣಿಮೂಲದ ಜೆಲಟಿನ್, ತಿರಮಿಸುವಿಗೆ ಹಸಿ ಮೊಟ್ಟೆ, ಹಲವು ಸಲ ಮದ್ಯವೂ. ಪಾರ್ಮಿಜಾನೊ ಚೀಸನ್ನು ಹೆಪ್ಪುಗಟ್ಟಿಸುವುದು ಕರುವಿನ ಹೊಟ್ಟೆಯ ರೆನೆಟ್‌ನಿಂದ, ಪೆಸ್ತೊ ಎಂಬ ಹಸಿರು ಚಟ್ನಿಯಲ್ಲೂ ಅದೇ ಚೀಸ್ ಇರುತ್ತದೆ. ಇದನ್ನು ಎಷ್ಟು ಕಟ್ಟುನಿಟ್ಟಾಗಿ ನೋಡುತ್ತೀರೆಂಬುದು ನಿಮ್ಮ ಇಷ್ಟ, ತಿಳಿದು ತಿನ್ನುವುದು ವಾಸಿ.

ಒಳ್ಳೆಯ ಸುದ್ದಿ ಎಂದರೆ ಸಿಯೆನಾ ಕಡೆಯ ಅಡುಗೆಯಲ್ಲೇ ನಮಗೆ ಒಗ್ಗುವುದು ಬಹಳಷ್ಟಿದೆ. ಪೀಚಿ ಎಂಬ ದಪ್ಪ ಕೈ ಶಾವಿಗೆಯನ್ನು ಹೆಚ್ಚಾಗಿ ಹಿಟ್ಟು-ನೀರಲ್ಲೇ ಮಾಡುತ್ತಾರೆ. ಬೆಳ್ಳುಳ್ಳಿ-ಟೊಮೇಟೊ ಗೊಜ್ಜಿನ ‘ಆಲ್ಲಾಲ್ಯೋನೆ’ ಕೇಳಿ. ಬ್ರೆಡ್ಡು-ಟೊಮೇಟೊದ ಗಟ್ಟಿ ಸೂಪು ಪಪ್ಪಾ ಅಲ್ ಪೊಮೊದೊರೊ, ಬ್ರೆಡ್ಡಿನ ಸಲಾಡ್ ಪಂಜನೆಲ್ಲಾ ಕೂಡ ಒಳ್ಳೆಯ ಆಯ್ಕೆ. ಟಸ್ಕನಿಯ ಬ್ರೆಡ್ಡಿಗೆ ಉಪ್ಪು ಹಾಕುವುದೇ ಇಲ್ಲ, ಚಟ್ನಿಪುಡಿ ಕೆಲಸಕ್ಕೆ ಬರುವುದು ಅಲ್ಲೇ. ಹೇಳುವ ಮಾತು: ಗಂಡಸರು ‘ಸೊನೊ ವೆಜಿತಾರಿಯಾನೊ’, ಹೆಂಗಸರು ‘ಸೊನೊ ವೆಜಿತಾರಿಯಾನಾ’, ಜೊತೆಗೆ ‘ನಿಯೆಂತೆ ಕಾರ್ನೆ, ನಿಯೆಂತೆ ಪೆಶೆ, ನಿಯೆಂತೆ ಉವೋವಾ’, ಮಾಂಸ, ಮೀನು, ಮೊಟ್ಟೆ ಯಾವುದೂ ಬೇಡ.

ಹಳ್ಳಿಯ ಹೋಟೆಲುಗಳ ಅಡುಗೆಮನೆ ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡೂವರೆ, ರಾತ್ರಿ ಏಳೂವರೆ ನಂತರ ಮಾತ್ರ. ಮೂರೂವರೆಗೆ ಹಸಿವಾದರೆ ಬಾರ್‌ನಲ್ಲಿ ಸ್ಯಾಂಡ್‌ವಿಚ್ ಸಿಕ್ಕರೆ ಪುಣ್ಯ.

ಮದುವೆಯ ದಿನ

ನಾಗರಿಕ ವಿವಾಹವಾದರೆ ಪುರಸಭೆಯ ಅಧಿಕಾರಿ ಬಂದು ಸಿವಿಲ್ ಸಂಹಿತೆಯ 143, 144, 147ನೇ ವಿಧಿಗಳನ್ನು ಓದುತ್ತಾರೆ. ಅವರಿಗೆ ಅದೇ ಮಧ್ಯಾಹ್ನ ಇನ್ನೊಂದು ಮದುವೆಯೂ ಇರಬಹುದು, ನಮ್ಮ ಕಡೆಯ ‘ಇನ್ನೇನು ಹೊರಟ್ವಿ’ ಅಲ್ಲಿ ನಡೆಯದು. ಚರ್ಚ್ ಆದರೆ ಭುಜ, ಮೊಣಕಾಲು ಮುಚ್ಚಿರಬೇಕು. ತೋಳಿಲ್ಲದ ರವಿಕೆಗೆ ಸೆರಗು ಹೊದ್ದರೆ ಸಾಕು.

ಸಮಾರಂಭ ಸಂಜೆ ನಾಲ್ಕೈದಕ್ಕೆ ಎಂದರೆ ತಂಪೆಂದುಕೊಳ್ಳಬೇಡಿ. ಜೂನ್ ಕೊನೆಯಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಹತ್ತಿರ. ಜುಲೈನಲ್ಲಿ 35 ಡಿಗ್ರಿ ಬಿಸಿಲಿಗೆ ಭಾರಿ ಕಂಚಿ ಸೀರೆಗಿಂತ ಹಗುರ ಮೈಸೂರು ಸಿಲ್ಕ್ ಹಿತ. ಮೇ ತಿಂಗಳಲ್ಲಿ, ಸೆಪ್ಟೆಂಬರ್ ಕೊನೆಯಲ್ಲಿ ರಾತ್ರಿ ಚಳಿ ಹತ್ತು ಹನ್ನೆರಡು ಡಿಗ್ರಿಗೆ ಇಳಿಯಬಹುದು, ಶಾಲು ಬೇಕು. ನೆಲ ಹುಲ್ಲು, ಜಲ್ಲಿ, ಉಬ್ಬುತಗ್ಗಿನ ಕಲ್ಲು. ಚೂಪು ಹಿಮ್ಮಡಿ ಮಣ್ಣಲ್ಲಿ ಹೂತುಹೋಗುತ್ತದೆ. ಅಗಲ ಹಿಮ್ಮಡಿ ಹಾಕಿ, ಸೀರೆಯನ್ನು ಅದೇ ಪಾದರಕ್ಷೆ ತೊಟ್ಟು ಅಳತೆ ಮಾಡಿ ಅರ್ಧ ಇಂಚು ಮೇಲೆ ಉಡಿ. ಹಳ್ಳಿಯಲ್ಲಿ ಸೇಫ್ಟಿ ಪಿನ್ ಹುಡುಕುವುದು ಸಾಹಸ, ಎರಡು ಡಬ್ಬಿ ಒಯ್ಯಿರಿ.

ಇಟಲಿಯವರೂ ನವದಂಪತಿಗಳ ಮೇಲೆ ಅಕ್ಕಿ ಎರಚುತ್ತಾರೆ, ಅಕ್ಷತೆ ಅವರಿಗೆ ವಿಚಿತ್ರ ಎನಿಸುವುದಿಲ್ಲ. ಅರಿಸಿನ-ಕುಂಕುಮದ ಬಣ್ಣ ಮಾತ್ರ ಬಿಳಿ ಟ್ರಾವರ್ಟೀನ್ ಕಲ್ಲಿನಿಂದ ಹೋಗದು, ಬಂಗಲೆಯವರು ಠೇವಣಿಯಿಂದ ಕಡಿತ ಮಾಡಬಹುದು. ಎಲ್ಲಿ ಎರಚಬಹುದು ಎಂದು ಕೇಳಿಯೇ ಎರಚಿ. ಬೇಸಿಗೆಯಲ್ಲಿ ಬೆಂಕಿಯ ವಿಷಯದಲ್ಲಿ ಅಲ್ಲಿ ಬಹಳ ಬಿಗಿ. ಪಟಾಕಿ, ಹಾರುವ ದೀಪ ಒಯ್ಯಲೇಬೇಡಿ.

ಆರೋಗ್ಯ ಕೆಟ್ಟರೆ ತುರ್ತು ಸಂಖ್ಯೆ 112. ಕರೆ ತೆಗೆದುಕೊಂಡವರಿಗೆ ಜಾಗದ ಹೆಸರಿಗಿಂತ ಪಿನ್‌ನ ಅಂಕಿಗಳನ್ನು ಓದಿ ಹೇಳುವುದು ಬೇಗ ಆಗುತ್ತದೆ. ದಿನದ ಮಾತ್ರೆಗಳನ್ನು ಚೀಟಿ ಸಮೇತ ಕೈಚೀಲದಲ್ಲೇ ಇಟ್ಟುಕೊಳ್ಳಿ.

ಹೊರಡುವ ದಿನ ಕೋಣೆ ಬೆಳಿಗ್ಗೆ ಹತ್ತಕ್ಕೆ ಖಾಲಿ ಮಾಡಬೇಕಾಗುತ್ತದೆ, ಹಿಂದಿನ ರಾತ್ರಿ ಎಷ್ಟೇ ತಡವಾಗಿರಲಿ. ಕಾರು ಹಿಂತಿರುಗಿಸುವವರು ಬಾಡಿಗೆ ಕಚೇರಿಯ ವೇಳೆ ನೋಡಿಕೊಳ್ಳಿ. ಸಣ್ಣ ಊರುಗಳಲ್ಲಿ ಮಧ್ಯಾಹ್ನ ಮುಚ್ಚುತ್ತದೆ, ಭಾನುವಾರ ತೆರೆಯುವುದೇ ಇಲ್ಲ. ಪೆಟ್ರೋಲ್ ಬಂಕ್‌ನಲ್ಲೂ ಭಾನುವಾರ ಯಂತ್ರ ಮಾತ್ರ ಇರುತ್ತದೆ. ಅದು ಕಾರ್ಡಿನಲ್ಲಿ ಮೊದಲು 100 ಯೂರೋ ಅಥವಾ ಅದಕ್ಕೂ ಹೆಚ್ಚು ತಡೆಹಿಡಿದು, ಹಾಕಿಸಿಕೊಂಡಷ್ಟನ್ನು ಉಳಿಸಿಕೊಂಡು ಬಾಕಿಯನ್ನು ಕೆಲವು ದಿನಗಳಲ್ಲಿ ಬಿಡುತ್ತದೆ. ‘ಬೆಂಜೀನಾ’ ಪೆಟ್ರೋಲ್, ‘ಗಜೋಲಿಯೊ’ ಡೀಸೆಲ್.